ಬೆನ್ನ ಮೇಲಿನ ಭಾಮಿನಿ

ಹೋದ ತಿಂಗಳು ನಮ್ಮ ಶಾಲೆಗೆ ಒಂದು ಕನ್ನಡ ಟೈಪ್‌ರೈಟರ್ ಬಂತು. ಹೊಸತಲ್ಲ. ಯಾವುದೋ ಆಫೀಸಿನಲ್ಲಿ ದುಡಿದು ಸವೆದು, ಅಲ್ಲಿಗೆ ಬೇಡವಾದ ಮೇಲೆ ಮಕ್ಕಳ ವಿದ್ಯೆಗೆಂದು ದಾನವಾಗಿ ಬಂದದ್ದು. ಹೆಡ್‌ಮಾಸ್ಟರು ಅದನ್ನು ನನ್ನ ಮೇಜಿನ ಮೇಲೆ ಇಡಿಸಿ, "ಪಂಡಿತರೇ, ಇನ್ನು ಪ್ರಶ್ನೆಪತ್ರಿಕೆ ನೀವೇ ಹೊಡೀಬೇಕು" ಎಂದರು. ನಾನು ಹೊಡೆಯುವ ಚಂದವನ್ನು ಅವರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ್ದಾರೆ. ನನಗೆ ಗೊತ್ತಾಗಲಿಲ್ಲ.

"ಎಂತ ಮಾರಾಯ್ರೆ ಅದು?" ಎಂದರು. "ಒಂದು ಅಕ್ಷರ ಹೊಡೀತೀರಿ, ಕಿವಿ ಕೊಡ್ತೀರಿ. ಮತ್ತೊಂದು ಹೊಡೀತೀರಿ, ಪುನಃ ಕಿವಿ ಕೊಡ್ತೀರಿ. ಒಳಗಿಂದ ಯಾರಾದ್ರೂ ಬಾಗಿಲು ತೆಗೀತಾರಾ?"

ನಾನು ನಕ್ಕೆ. ಎಂತ ಹೇಳುವುದು? ಕಾಗದದ ಮೇಲೆ ಅಕ್ಷರ ಬಿತ್ತೋ ಇಲ್ಲವೋ ಎಂದು ನಾನು ಕಣ್ಣಿನಿಂದ ನೋಡುವ ಮೊದಲೇ ಕಿವಿಯಿಂದ ನೋಡುತ್ತೇನೆ. ಅದೂ ಒಂದೇ ಬೆರಳು, ಬಲಗೈಯ ನಡುಬೆರಳು. ಅರ್ಧ ಪುಟಕ್ಕೆ ಒಂದು ಪೀರಿಯಡ್ ಬೇಕು. ಪೇಟೆಯಲ್ಲಿಯೂ ಹಾಗೆಯೇ. ಕುಂಬಳಕಾಯಿ ಕಂಡರೆ ಬೆರಳ ಗೆಣ್ಣು ತಾನಾಗಿ ಮಡಚಿಕೊಂಡು ಒಂದು ಪೆಟ್ಟು ಕೊಡುತ್ತದೆ. ಮಾರುವ ಹೆಂಗಸು ಒಮ್ಮೆ ಸಿಟ್ಟಾಗಿ, "ಅಣ್ಣೇರೇ, ಅದರ ಒಳಗೆ ಬೀಜ ಬಿಟ್ಟು ಬೇರೆಂತದೂ ಇಲ್ಲ, ತೆಕೊಳ್ಳುವುದಾದ್ರೆ ತೆಕೊಳ್ಳಿ" ಎಂದಳು. ಕೊಡಪಾನ, ಕಂಬ, ದೋಣಿಯ ಅಂಚು, ಪುಸ್ತಕದ ರಟ್ಟು, ಎಲ್ಲವನ್ನೂ ತಟ್ಟುತ್ತೇನೆ.

ಒಂದನ್ನು ಮಾತ್ರ ತಟ್ಟುವುದಿಲ್ಲ. ಹುಡುಗರು ಎಷ್ಟೇ ಚೆನ್ನಾಗಿ ಓದಲಿ, ನಾನು ಬೆನ್ನು ತಟ್ಟುವುದಿಲ್ಲ. ಬಾಯಲ್ಲಿ "ಭೇಷ್" ಎನ್ನುತ್ತೇನೆ, ಅಷ್ಟೇ. ಪಂಡಿತರು ಜಿಪುಣರು ಎಂದು ಅವರ ಅಭಿಪ್ರಾಯ. ಇರಲಿ.

ತಟ್ಟಿ ಕೇಳುವುದು ನನಗೆ ಹುಟ್ಟಿದ ಮನೆಯಿಂದ ಬಂದದ್ದು. ಪಣಂಬೂರಿನ ಆಚೆ, ಮರಳು ಮುಗಿದು ಗದ್ದೆ ಶುರುವಾಗುವಲ್ಲಿ ನಮ್ಮ ಮನೆ. ಹಲಸಿನಕಾಯಿ ಬೆಳೆದಿದೆಯೋ ಇಲ್ಲವೋ ಎಂದು ಅಪ್ಪ ಮರದ ಮೇಲೆಯೇ ತಟ್ಟಿ ಹೇಳುತ್ತಿದ್ದರು. ಆದರೆ ನನಗೆ ನೆನಪಿರುವ ಸದ್ದು ಹಲಸಿನದ್ದಲ್ಲ, ಅಕ್ಕಿ ತುಂಬಿಡುವ ಮಣ್ಣಿನ ಮಡಕೆಯದ್ದು. ಆಟಿ ತಿಂಗಳಲ್ಲಿ, ಹೊರಗೆ ಮಳೆ ಬಿಡದೆ ಸುರಿಯುವ ಹೊತ್ತಿಗೆ, ಅಮ್ಮ ಒಲೆ ಹಚ್ಚುವ ಮೊದಲು ಆ ಮಡಕೆಯನ್ನು ಗೆಣ್ಣಿನಿಂದ ಮೇಲಿಂದ ಕೆಳಗೆ ತಟ್ಟುತ್ತಾ ಬರುತ್ತಿದ್ದಳು. ಬರಿದಾದ ಜಾಗದಲ್ಲಿ ಮಡಕೆ ಹಾಡುತ್ತದೆ, ಅಕ್ಕಿ ಇರುವಲ್ಲಿ ಸುಮ್ಮನಾಗುತ್ತದೆ. ನಾವು ಮಕ್ಕಳು ಚಾಪೆಯಲ್ಲಿ ಮಲಗಿದ್ದಲ್ಲಿಂದಲೇ ಕೇಳಿ, ಇನ್ನು ಎಷ್ಟು ದಿನ ಗಟ್ಟಿ ಗಂಜಿ, ಯಾವತ್ತಿನಿಂದ ನೀರು ಗಂಜಿ ಎಂದು ತಿಳಿದುಕೊಳ್ಳುತ್ತಿದ್ದೆವು. ಮಡಕೆ ಹಾಡುವುದು ಚಂದ ಕೇಳುತ್ತಿತ್ತು. ಆದ್ದರಿಂದಲೇ ಇರಬೇಕು, ಚಂದದ ಸದ್ದಿನ ಮೇಲೆ ನನಗೆ ಇವತ್ತಿಗೂ ಪೂರ್ತಿ ವಿಶ್ವಾಸವಿಲ್ಲ.

ನಾಲ್ಕನೆಯ ಕ್ಲಾಸಿನಲ್ಲಿ ಶಾಲೆ ಬಿಟ್ಟೆ, ನೇಗಿಲು ಹಿಡಿದೆ. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಮಂಗಳೂರಿಗೆ ಬಂದು ಹಂಚಿನ ಕಾರ್ಖಾನೆ ಸೇರಿದೆ. ಹೊಳೆಯ ಬದಿಯ ಕಾರ್ಖಾನೆ. ಎದುರು ದಡದಲ್ಲಿ ಬೆಂಗ್ರೆಯ ತೆಂಗುಗಳು ಕಾಣುತ್ತಿದ್ದವು. ಬೆಂದು ಭಟ್ಟಿಯಿಂದ ಇಳಿದ ಹಂಚುಗಳನ್ನು ವಿಂಗಡಿಸುವುದು ನನ್ನ ಕೆಲಸ. ಎಡಗೈಯಲ್ಲಿ ಹಂಚಿನ ತುದಿ ಹಿಡಿದು ತೂಗಿಸಬೇಕು, ಬಲಗೈಯ ಗೆಣ್ಣಿನಿಂದ ಒಂದು ಪೆಟ್ಟು. ಒಳ್ಳೆಯದು ಕಂಚಿನ ಹಾಗೆ ಉತ್ತರ ಕೊಡುತ್ತದೆ. ಸರಿಯಾಗಿ ಬೇಯದ್ದು ಗೊಣಗುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ನೆಗಡಿಯಾದವನ ಹಾಗೆ ಮಾತಾಡುತ್ತದೆ. ಆ ಬಿರುಕನ್ನು ಕಣ್ಣು ಹುಡುಕಿದರೆ ಸಿಗುವುದಿಲ್ಲ. ಫಸ್ಟ್, ಸೆಕೆಂಡ್, ಒಡಕು ಎಂದು ಮೂರು ರಾಶಿ. ಒಡಕು ರಸ್ತೆಯ ಹೊಂಡಕ್ಕೆ ಹೋಗುತ್ತಿತ್ತು.

ಬಾಬು ಮೇಸ್ತ್ರಿಗೆ ನನ್ನ ಕಿವಿಯ ಮೇಲೆ ಬಹಳ ಹೆಮ್ಮೆ. ಹೊರಗಿನವರು ಯಾರಾದರೂ ಕಾರ್ಖಾನೆ ನೋಡಲು ಬಂದರೆ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ತಾನು ಹಿಂದಿನಿಂದ ಒಂದೊಂದೇ ಹಂಚು ಬಡಿಯುತ್ತಿದ್ದ. ನಾನು ಫಸ್ಟ್, ಫಸ್ಟ್, ಒಡಕು ಎಂದು ಹೇಳುತ್ತಾ ಹೋಗಬೇಕು. ಒಂದೂ ತಪ್ಪುತ್ತಿರಲಿಲ್ಲ. ಕೋಲೆ ಬಸವನ ಹಾಗೆ ಎಂದು ಈಗ ಅನಿಸುತ್ತದೆ. ಆಗ ನನಗೂ ಹೆಮ್ಮೆಯೇ. ನಾನೇ ಹಂಚು ಬಡಿಯುವಾಗ ಒಡಕು ಸಿಕ್ಕಿದರೆ ನನ್ನ ಕೈ ಅರೆಗಳಿಗೆ ಗಾಳಿಯಲ್ಲಿ ನಿಂತುಬಿಡುತ್ತಿತ್ತಂತೆ. ನನಗೆ ಅದು ಗೊತ್ತಿರಲಿಲ್ಲ. ಹಸಿ ಹಂಚು ಹೊರುವ ಹೆಂಗಸರು ದೂರದಿಂದಲೇ ನನ್ನ ಕೈ ನೋಡಿ, ನಾನು ಬಾಯಿ ತೆರೆಯುವ ಮೊದಲು "ಒಡಕು" ಎಂದು ಕೂಗಿ ನಗುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಮೊದಲು ಕೂಗುತ್ತಿದ್ದವಳು ಗುಲಾಬಿ. ಎರಡನೆಯ ವರ್ಷ ನಾವು ಮದುವೆಯಾದೆವು.

ಓದಿನ ಹುಚ್ಚು ಹಿಡಿದದ್ದು ಹೇಗೆ ಎಂದು ಹೇಳಲು ಹೊರಟರೆ ದೊಡ್ಡ ಕತೆಯಾಗುತ್ತದೆ. ಹಂಚು ಕಟ್ಟಲು ತಂದ ಹಳೆ ಕಾಗದಗಳನ್ನು ಊಟದ ಹೊತ್ತಿಗೆ ಓದುತ್ತಾ ಕೂತವನು ನಾನು. ಎಂಟನೆಯ ಕ್ಲಾಸಿನ ಪರೀಕ್ಷೆಗೆ ಖಾಸಗಿಯಾಗಿ ಹೋದಾಗ ಬಾಗಿಲಲ್ಲಿದ್ದ ಮಾಸ್ಟರು, "ಮಗನನ್ನು ಕೂತುಕೊಳ್ಳಿಸಿ ಆಯ್ತಲ್ಲ, ಇನ್ನು ನೀವು ಹೊರಗೆ ಹೋಗಿ" ಎಂದರು. ಮಗ ನಾನೇ ಎಂದು ಹೇಳಬೇಕಾಯಿತು. ಹಾಗೆ ಹೀಗೆ ದಾಟುತ್ತಾ ಮೂವತ್ತು ಮೀರಿದ ಮೇಲೆ ಕನ್ನಡ ವಿದ್ವಾನ್ ಪರೀಕ್ಷೆಯ ಹಂಬಲ ಬಂತು. ಅದರಲ್ಲಿ ಪಾಸಾದರೆ ಹೈಸ್ಕೂಲಿನಲ್ಲಿ ಪಂಡಿತನಾಗಬಹುದು, ಕಾರ್ಖಾನೆಯ ಧೂಳು ಇಬ್ಬರಿಗೂ ತಪ್ಪುತ್ತದೆ. ಇದು ನಾನು ಗುಲಾಬಿಗೆ ಹೇಳಿದ ಕಾರಣ. ಹೇಳದ ಕಾರಣ ಬೇರೆ. ಆ ಪರೀಕ್ಷೆಗೆ ಹಳೆಯ ಕಾವ್ಯ, ವ್ಯಾಕರಣ ಓದಿದರೆ ಸಾಲದು. ಸ್ವಂತವಾಗಿ ಪ್ರಬಂಧ ಬರೆಯಬೇಕು, ಪದ್ಯ ಕಟ್ಟಬೇಕು. ನನಗೆ ಬೇಕಾದದ್ದು ಅದು. ನಾನು ಬರೆಯುವವನಾಗಬೇಕಿತ್ತು.

ಕಲಿಸುತ್ತಿದ್ದವರು ಒಬ್ಬ ಭಟ್ಟರು. ದೇವಸ್ಥಾನದ ಪೂಜೆ ಅವರದ್ದೇ. ಆದ್ದರಿಂದ ಪಾಠ ಬೆಳಕು ಹರಿಯುವಾಗ ಶುರುವಾಗಿ ಪೂಜೆಯ ಹೊತ್ತಿಗೆ ಮುಗಿಯುತ್ತಿತ್ತು. ಉಳಿದ ಮೂವರು ಜಗಲಿಯ ಮೇಲೆ, ನಾನು ಮೆಟ್ಟಿಲಿನ ಕೆಳಗೆ. ಆ ಕಾಲದಲ್ಲಿ ಅದನ್ನು ಯಾರೂ ಮಾತಾಡುತ್ತಿರಲಿಲ್ಲ, ನಾನೂ ಮಾತಾಡಲಿಲ್ಲ. ಭಟ್ಟರು ಮಾತ್ರ ಪುಸ್ತಕ ಹಿಡಿದು ಬಂದು ನನಗೆ ಹತ್ತಿರದ ಮೂಲೆಯಲ್ಲಿಯೇ ಕೂರುತ್ತಿದ್ದರು.

ವಾರದಲ್ಲಿ ಎರಡು ದಿನ ಪಾಠ ಉದ್ದವಾಗಿ, ಕೆಲಸ ಶುರುವಾಗುವ ಕಾರ್ಖಾನೆಯ ಕೂಗು ಆದ ಮೇಲೆ ನಾನು ತಲುಪುತ್ತಿದ್ದೆ. ಬಾಬು ಮೇಸ್ತ್ರಿ ಗುಲಾಬಿಯ ಎದುರಿನಲ್ಲಿಯೇ ಗದರಿಸಿದ. "ಕವಿಗಳು ಬರುವವರೆಗೆ ಭಟ್ಟಿ ಕಾಯ್ತದಾ? ಭಟ್ಟಿಯಿಂದ ಇಳಿಸುವವ ನಿನ್ನ ಬದಲು ಬಡೀಲಿಕ್ಕೆ ಬಂದ್ರೆ ಇಳಿಸುವುದು ಯಾರು, ನಿನ್ನ ಮಾವನಾ?"

"ಇಳಿಸ್ಲಿಕ್ಕೆ ನಾನು ಹೋಗ್ತೇನೆ," ಎಂದಳು ಗುಲಾಬಿ.

"ಒಳಗೆ ಬೂದಿ ಉಂಟು ಮಾರಾಯ್ತಿ. ಬಿಸಿ ಉಂಟು. ಹೆಂಗಸರ ಕೆಲಸ ಅಲ್ಲ."

"ಬೂದಿ ಎಂತ ತಿಂತದಾ?" ಎಂದು ತಲೆಗೆ ಸಿಂಬಿ ಇಟ್ಟುಕೊಂಡು ಹೋದಳು. ಅವತ್ತಿನಿಂದ ಎರಡು ವರ್ಷ, ವಾರಕ್ಕೆ ಎರಡು ದಿನ, ನಾನು ಭಟ್ಟರ ಮೆಟ್ಟಿಲ ಕೆಳಗೆ ಅಲಂಕಾರ ಕಲಿಯುವ ಹೊತ್ತಿಗೆ ಅವಳು ಭಟ್ಟಿಯ ಒಳಗೆ ಬಗ್ಗಿ ಬೂದಿ ಮುಚ್ಚಿದ ಹಂಚು ಎತ್ತುತ್ತಿದ್ದಳು. ನಾನು ಬಂದಾಗ ಹುಬ್ಬಿನವರೆಗೆ ಬೆಳ್ಳಗಾಗಿ ಹೊರಗೆ ಬರುತ್ತಿದ್ದಳು. "ಅಜ್ಜಿಯಾದೆ ನೋಡಿ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಕೆಮ್ಮು ಬಂದದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಟೈಪ್‌ರೈಟರಿನಲ್ಲಿ ಈ ಒಂದು ವಾಕ್ಯ ಹೊಡೆಯಲು ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಸಂಜೆ ಕೆಲಸ ಬಿಟ್ಟು ಬಂದ ಮೇಲೆ ಅವಳು ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು, "ಸ್ವಲ್ಪ ಬೆನ್ನು ತಟ್ಟಿ, ಕೆಮ್ಮು ಇಳೀತದೆ" ಎನ್ನುತ್ತಿದ್ದಳು. ನಾನು ಹಿಂದೆ ಕೂತು ತಟ್ಟುವುದು, ಪಕ್ಕದಲ್ಲಿ ಪುಸ್ತಕ. ಆಗ ಭಟ್ಟರು ಭಾಮಿನಿ ಷಟ್ಪದಿ ಕಲಿಸುತ್ತಿದ್ದರು. ಓದುಗರಿಗೆ ಬೇಸರ ಮಾಡುವುದಿಲ್ಲ. ಅದರ ನಡಿಗೆ ಮೂರು ಮಾತ್ರೆ, ನಾಲ್ಕು ಮಾತ್ರೆ, ಪುನಃ ಮೂರು, ನಾಲ್ಕು ಎಂದು, ಅಷ್ಟು ಗೊತ್ತಿದ್ದರೆ ಸಾಕು. ನನಗೆ ತಲೆಗೆ ಹೋಗುತ್ತಿರಲಿಲ್ಲ. ಒಂದು ಸಂಜೆ ನನ್ನ ಬುದ್ಧಿವಂತಿಕೆ ಜಾಗೃತವಾಯಿತು. ಹೇಗೂ ತಟ್ಟುತ್ತಿದ್ದೇನೆ, ಪದ್ಯವನ್ನೇ ಯಾಕೆ ತಟ್ಟಬಾರದು? ಬಲಬೆನ್ನಿಗೆ ಮೂರು, ಎಡಬೆನ್ನಿಗೆ ನಾಲ್ಕು. ಬಲಕ್ಕೆ ಮೂರು, ಎಡಕ್ಕೆ ನಾಲ್ಕು. ಹೆಂಡತಿಯ ಸೇವೆಯೂ ಆಯಿತು, ಛಂದಸ್ಸೂ ಆಯಿತು. ಸಂಸಾರ ಮತ್ತು ವಿದ್ಯೆ ಎರಡನ್ನೂ ಒಟ್ಟಿಗೆ ತೂಗಿಸುವ ಉಪಾಯ ಸಿಕ್ಕಿತೆಂದು ನಾನು ಎಷ್ಟು ಹಿಗ್ಗಿದೆ ಎಂದರೆ, ಮರುದಿನ ಮೇಸ್ತ್ರಿಗೂ ಹೇಳಿದೆ.

ಗುಲಾಬಿಗೆ ಓದು ಬರಹ ಇಲ್ಲ. ನಮ್ಮ ಮನೆಯ ಮಾತು ತುಳು. ಅವಳ ಮಾತುಗಳನ್ನು ನಾನು ಇಲ್ಲಿ ಕನ್ನಡಕ್ಕೆ ಎಳೆದು ತಂದಿದ್ದೇನೆ. ಪೇಟೆಯಲ್ಲಿ ಬೇಕಾದಷ್ಟೇ ಕನ್ನಡ ಅವಳದ್ದು. ನನ್ನ ಪದ್ಯದ ಒಂದು ಪದವೂ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಹದಿನೈದು ದಿನದಲ್ಲಿ ಅವಳ ಬೆನ್ನಿಗೆ ಭಾಮಿನಿ ಬಂತು. ನಾನು ಬರೆದದ್ದನ್ನು ಓದುತ್ತಾ ತಟ್ಟುವಾಗ ನಡುವೆ ಹೆಗಲು ಕೊಡವುತ್ತಿದ್ದಳು.

"ಇಲ್ಲಿ ಒಂದು ಪೆಟ್ಟು ಹೆಚ್ಚಾಯ್ತು."

"ಎಲ್ಲಿ?"

"ಎಡದಲ್ಲಿ. ನಾಲ್ಕಿರ್ಬೇಕಿತ್ತು, ಐದಾಯ್ತು."

ಎಣಿಸಿ ನೋಡಿದರೆ ಹೌದು. ಹ್ರಸ್ವ ಇರಬೇಕಾದಲ್ಲಿ ದೀರ್ಘ ಬಿದ್ದಿರುತ್ತಿತ್ತು. ಪದ ಬದಲಿಸಿ ಪುನಃ ತಟ್ಟಿದರೆ ಕಣ್ಣು ಮುಚ್ಚಿಕೊಂಡು, "ಈಗ ಪೊರ್ಲು" ಎನ್ನುತ್ತಿದ್ದಳು. ಚಂದ ಎಂದರ್ಥ.

ಭಟ್ಟರು ನನ್ನ ಪದ್ಯಗಳನ್ನು ಓದಿ, ಮಡಚಿ, ಹಿಂದೆ ಕೊಡುತ್ತಿದ್ದರು. ಒಂದು ದಿನ ಕೇಳಿದರು, "ಸಂಕಪ್ಪ, ಇಲ್ಲಿ ಹಂಸ ಬರೆದಿದ್ದೀ. ಹಂಸ ಕಂಡಿದ್ದೀಯಾ?"

"ಇಲ್ಲ."

"ಕೊಕ್ಕರೆ?"

"ದಿನಾ ಕಾಣ್ತೇನೆ. ಕಾರ್ಖಾನೆಯ ಮಣ್ಣಿನ ರಾಶಿಯಲ್ಲಿ ಕೂರ್ತದೆ."

"ಅದಕ್ಕೆ ಎಂತ ದೋಷ? ಮಾತ್ರೆ ಎಲ್ಲ ಸರಿ ಉಂಟು ಮಾರಾಯ, ಒಂದೂ ತಪ್ಪಿಲ್ಲ. ಆದ್ರೆ ಇದನ್ನು ಓದಿದ್ರೆ, ಬರೆದವನಿಗೆ ಮನೆಯಲ್ಲಿ ಯಾರೂ ಇಲ್ಲ ಅಂತ ಕಾಣ್ತದೆ. ಯಾರಿಗಾದ್ರೂ ಓದಿ ಹೇಳ್ತೀಯಾ?"

ನಾನು ಬೆನ್ನಿನ ವಿಷಯ ಹೇಳಿದೆ. ಭಟ್ಟರು ನಕ್ಕದ್ದನ್ನು ಕಂಡದ್ದು ಅದೇ ಮೊದಲು. "ಹಾಗಾದ್ರೆ ಪರೀಕ್ಷೆಗೆ ಅವಳನ್ನೇ ಕೂತುಕೊಳ್ಳಿಸು," ಎಂದರು. ಅದನ್ನು ಗುಲಾಬಿಗೆ ಹೇಳಿದಾಗ ಅವಳು ನಗಲು ಹೋಗಿ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು.

ಇನ್ನೊಂದು ಹೇಳಬೇಕು. ಒಂದು ಸಂಜೆ ನಾನು ಸೂತ್ರ ಬಾಯಿಪಾಠ ಮಾಡುವಾಗ, "ಸ್ವಲ್ಪ ಕೆಮ್ಮು ಹಿಡಿದುಕೋ, ತಪ್ಪಿ ಹೋಗ್ತದೆ" ಎಂದೆ. ಸಿಟ್ಟಿನಲ್ಲಿ ಅಲ್ಲ, ಸಾಧಾರಣವಾಗಿಯೇ ಹೇಳಿದೆ. ಅಂದಿನಿಂದ ನಾನು ಪುಸ್ತಕ ಹಿಡಿದರೆ ಅವಳು ಕೆಮ್ಮಲು ಬಾವಿಕಟ್ಟೆಗೆ ಹೋಗುತ್ತಿದ್ದಳು. ಕೊಡ ತೆಗೆದುಕೊಂಡು ಹೋಗುತ್ತಿದ್ದಳು, ನೀರಿಗೆ ಹೋದ ಹಾಗೆ. ಆ ವರ್ಷ ನಮ್ಮ ಮನೆಯಲ್ಲಿ ನೀರು ಯಾವಾಗಲೂ ತುಂಬಿರುತ್ತಿತ್ತು.

ಪರೀಕ್ಷೆಗೆ ಮೂರು ತಿಂಗಳಿರುವಾಗ ಅವಳು ಭಟ್ಟಿಯ ಬಾಯಲ್ಲಿ ಕುಸಿದು ಕೂತಳು. ಮೇಸ್ತ್ರಿಯೇ ಗಾಡಿ ಮಾಡಿ ಆಸ್ಪತ್ರೆಗೆ ಕಳಿಸಿದ. ಡಾಕ್ಟರು ವಯಸ್ಸಾದವರು. ಅವಳನ್ನು ಸ್ಟೂಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತುಕೊಳ್ಳಿಸಿ, ಎಡಗೈಯನ್ನು ಅವಳ ಬೆನ್ನಿಗೆ ಒತ್ತಿ, ಅದರ ಮೇಲೆ ಬಲಗೈಯ ನಡುಬೆರಳಿನಿಂದ ಬಡಿಯಲು ಶುರು ಮಾಡಿದರು. ನಾನು ಬಡಿಯುವ ಬೆರಳೇ.

ಗುಲಾಬಿ ಗೋಡೆ ನೋಡುತ್ತಲೇ ತುಳುವಿನಲ್ಲಿ ನನಗೆ ಹೇಳಿದಳು, "ಇವರದ್ದು ಯಾವ ಪದ? ತಾಳವೇ ಇಲ್ಲ."

"ಎಂತ ಹೇಳ್ತಾರೆ?" ಎಂದರು ಡಾಕ್ಟರು.

"ಎಂತ ಇಲ್ಲ ಡಾಕ್ಟರೇ," ಎಂದೆ.

ಬಲಬದಿ ಮೇಲಿಂದ ಕೆಳಗೆ ಬಂದರು. ಸದ್ದು ಸರಿ ಇತ್ತು. ಎಡಬದಿಗೆ ಹೋದರು. ಹೆಗಲ ಹಿಂದಿನ ರೆಕ್ಕೆಯ ಎಲುಬಿನ ಕೆಳಗೆ ಬಂದಾಗ ಸದ್ದು ಸತ್ತಿತು. ಮಣ್ಣಿನ ಮುದ್ದೆಗೆ ಹೊಡೆದ ಹಾಗೆ. ಅವರು ಒಂದು ಬೆರಳು ಮೇಲೆ ಹೋಗಿ ಪುನಃ ಅದೇ ಜಾಗಕ್ಕೆ ಬಡಿದರು. ಕಾರ್ಖಾನೆಯಲ್ಲಿಯೂ ಎರಡನೆಯ ಸಲ ಬಡಿಯುವುದು ಸಂಶಯ ಇದ್ದದ್ದನ್ನು ಮಾತ್ರ. ಅವರು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು. ಇಪ್ಪತ್ತು ಹೆಜ್ಜೆ ದೂರದಿಂದಲಾದರೂ ಗೊತ್ತಾಗುತ್ತಿತ್ತು.

ನನ್ನನ್ನು ಹೊರಗೆ ಕರೆದು ಕ್ಷಯ ಎಂದರು. ಒಂದು ಬದಿ ಬಹಳ ಮುಂದೆ ಹೋಗಿದೆ ಎಂದರು. ಹಾಲು, ಮೊಟ್ಟೆ, ಗಾಳಿ, ವಿಶ್ರಾಂತಿ. ಆಮೇಲೆ ಕೇಳಿದರು, "ಎಷ್ಟು ಸಮಯದಿಂದ ಹೀಗುಂಟು?"

ಒಂದು ಹಂಚು ಒಡಕಾದರೆ ಅದು ಯಾವ ಭಟ್ಟಿಯದ್ದು, ಯಾವ ಸಾಲಿನದ್ದು ಎಂದು ಹೇಳಬಲ್ಲವನು ನಾನು. ಅವಳ ಬೆನ್ನನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ದಿನಾ ಸಂಜೆ ಬಡಿದಿದ್ದೆ. ನಾಲ್ಕು ಮಾತ್ರೆ ಬೀಳುತ್ತಿದ್ದದ್ದು ಸರಿಯಾಗಿ ಅದೇ ಜಾಗಕ್ಕೆ, ಎಡ ರೆಕ್ಕೆಯ ಕೆಳಗೆ. ಮೊದಲು ಅಲ್ಲಿ ಸದ್ದು ಇದ್ದಿರಬೇಕು. ಒಂದು ದಿನ ಮಂಕಾಗಿರಬೇಕು, ಮತ್ತೊಂದು ದಿನ ಇನ್ನಷ್ಟು. ಆ ಮಂಕು ನನ್ನ ಗೆಣ್ಣಿನ ಅಡಿಯಲ್ಲಿಯೇ ಬೆಳೆಯಿತು. ನಾನು ಒಂದು, ಎರಡು, ಮೂರು, ನಾಲ್ಕು ಎನ್ನುತ್ತಿದ್ದೆ.

ಅವಳನ್ನು ಬೆಂಗ್ರೆಯಲ್ಲಿದ್ದ ಅವಳ ಅಕ್ಕನ ಮನೆಗೆ ಕರೆದುಕೊಂಡು ಹೋದೆವು. ಅಲ್ಲಿ ಸಮುದ್ರದ ಗಾಳಿ ಉಂಟೆಂದು. ಬೆಳಿಗ್ಗೆ ಭಟ್ಟರಲ್ಲಿ, ಹಗಲು ಕಾರ್ಖಾನೆಯಲ್ಲಿ, ಸಂಜೆ ದೋಣಿ ದಾಟಿ ಬೆಂಗ್ರೆಯಲ್ಲಿ. ಕೆಲವು ದಿನ ಆದ ಮೇಲೆ ಓದು ಬಿಡುತ್ತೇನೆ ಎಂದೆ.

"ಬಿಟ್ರೆ ನಾನು ಹೊತ್ತ ಹಂಚೆಲ್ಲ ಎಂತಕ್ಕೆ?" ಎಂದಳು. "ರಸ್ತೆಗೆ ಹಾಕ್ಲಿಕ್ಕಾ?"

ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ಗುಲಾಬಿ ತೀರಿಕೊಂಡಳು. ನಾನು ಪರೀಕ್ಷೆಗೆ ಹೋದೆ. ಸೂತಕ ಕಳೆಯುವ ಮೊದಲೇ ಪುಸ್ತಕ ಹಿಡಿದ ಎಂದು ಅವಳ ಅಕ್ಕ ನನ್ನೊಟ್ಟಿಗೆ ಮಾತು ಬಿಟ್ಟಳು, ತಪ್ಪು ಅವಳದ್ದಲ್ಲ. ಛಂದಸ್ಸಿನ ಪ್ರಶ್ನೆ ಬಂದಾಗ ನಾನು ಮೇಜಿಗೆ ತಟ್ಟುತ್ತಾ ಎಣಿಸುತ್ತಿದ್ದೆ. ಮೇಲ್ವಿಚಾರಕರು ಬಂದು, "ಸದ್ದು ಮಾಡಬೇಡಿ" ಎಂದರು. ಆಮೇಲೆ ಸದ್ದಿಲ್ಲದೆ ಬರೆದೆ. ಪ್ರಬಂಧಕ್ಕೆ ಕೊಟ್ಟ ವಿಷಯಗಳಲ್ಲಿ 'ನೀವು ಬಲ್ಲ ಒಂದು ಕಸುಬು' ಎಂಬುದೂ ಇತ್ತು. ನಾನು ಹಂಚು ವಿಂಗಡಿಸುವುದರ ಮೇಲೆ ಬರೆದೆ. ಹಂಸವಿಲ್ಲ, ಹಿಮಾಲಯವಿಲ್ಲ. ಮಣ್ಣಿನ ರಾಶಿಯ ಕೊಕ್ಕರೆ ಇತ್ತು. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಹೇಗೆ ಕೇಳುತ್ತದೆ ಎಂದು ನಾಲ್ಕು ಪುಟ, ಎಲ್ಲವೂ ನಿಜ. ಅದರಲ್ಲಿ ಅವಳ ಹೆಸರು ಒಂದು ಕಡೆಯೂ ಇಲ್ಲ. ಪಾಸಾದೆ. ಭಟ್ಟರು ಸುದ್ದಿ ಹೇಳಲು ಮೆಟ್ಟಿಲಿಳಿದು ಅಂಗಳಕ್ಕೆ ಬಂದು ನನ್ನೊಟ್ಟಿಗೆ ನಿಂತರು. ನಾನೇ ಅವರ ಕೈಯ ಕಾಗದ ತೆಗೆದು ಓದಿಕೊಂಡೆ.

ನಾನು ಆ ಪ್ರಬಂಧದಲ್ಲಿ ಬಿಟ್ಟದ್ದು ಬೆಂಗ್ರೆಯ ಒಂದು ಸಂಜೆಯನ್ನು.

ಆಸ್ಪತ್ರೆಯಿಂದ ಬಂದ ಮೇಲೆ ನಾನು ಅವಳ ಬೆನ್ನು ಮುಟ್ಟಿರಲಿಲ್ಲ. ಅವಳು ಕೇಳಿದರೆ ಏನಾದರೂ ನೆವ ಹೇಳುತ್ತಿದ್ದೆ. ಆ ಸಂಜೆ ಅಂಗಳದಲ್ಲಿ ಬಲೆ ಹರಡಿತ್ತು. ಅಕ್ಕ ದಡಕ್ಕೆ ಹೋಗಿದ್ದಳು. ಗುಲಾಬಿ ಕಷ್ಟದಲ್ಲಿ ಎದ್ದು ಗೋಡೆಗೆ ತಿರುಗಿ ಕೂತಳು. "ಈಗ ನನ್ನ ಬೆನ್ನು ಬೇಡವಾ ನಿಮ್ಗೆ? ಬೇರೆ ಯಾರದ್ದಾದ್ರೂ ಸಿಕ್ಕಿತಾ?"

ನಾನು ಹಿಂದೆ ಕೂತೆ. ರವಕೆಯ ಅಡಿಯಲ್ಲಿ ಎಲುಬುಗಳು ಎಣಿಸುವ ಹಾಗೆ ಇದ್ದವು. ಬಲಬದಿಗೆ ಮೂರು ತಟ್ಟಿದೆ. ಎಡಬದಿಗೆ ಒಂದು, ಎರಡು, ಮೂರು. ಕೈ ನಿಂತಿತು.

"ಒಂದು ಬಾಕಿ ಉಂಟು," ಎಂದಳು.

"ಪದ ಮರೆತುಹೋಯ್ತು ಗುಲಾಬಿ."

"ಮರೆತದ್ದಲ್ಲ. ನೀವು ಕೇಳ್ತಾ ಇದ್ದೀರಿ." ಅವಳು ತಿರುಗಲಿಲ್ಲ. "ಹಂಚು ಬಡಿಯುವಾಗ ನಿಮ್ಮ ಕೈ ಹೀಗೆ ನಿಲ್ತದೆ. ನಾನು ಎಷ್ಟು ವರ್ಷ ಕಂಡಿದ್ದೇನೆ. ಒಡಕು, ಅಲ್ವಾ?"

ಹೊಳೆಯ ಆಚೆ ಕಾರ್ಖಾನೆಯ ಕೂಗು ಆಯಿತು.

"ಆಗ್ಲಿ," ಎಂದಳು. "ನಾಲ್ಕನೆಯದ್ದು ಹೊಡೀರಿ. ಪರೀಕ್ಷೆ ಹತ್ತಿರ ಬಂತು."

ಹೊಡೆದೆ.